ಕದ್ರಿಯ ಲೋಕೇಶ್ವರ ಮತ್ತು ಜಪಾನಿನ ಪುಸ್ತಕಗಳು

ಮಂಗಳೂರಿನ ಕೊಡಿಯಾಲ್‌ಬೈಲಿಗೂ ಪುಸ್ತಕಕ್ಕೂ ಹಳೆಯ ನಂಟು. ಜೆಸ್ವಿಟ್ ಪಾದ್ರಿಗಳು 1880ರಲ್ಲಿ ಸಂತ ಅಲೋಶಿಯಸ್ ಕಾಲೇಜನ್ನೂ 1882ರಲ್ಲಿ ಕೊಡಿಯಾಲ್‌ಬೈಲ್ ಪ್ರೆಸ್ಸನ್ನೂ ಆರಂಭಿಸಿದರು. ಇದೇ ಜೆಸ್ವಿಟ್ ಸಂಘದ ಫ್ರಾನ್ಸಿಸ್ ಕ್ಸೇವಿಯರ್ 1549ರಲ್ಲಿ ಗೋವಾದಿಂದ ಹೊರಟು ಜಪಾನಿನ ಕಗೊಶಿಮಾ ತಲುಪಿದ್ದ. ಮಂಗಳೂರಿನಲ್ಲೇ 1883ರಲ್ಲಿ ಹುಟ್ಟಿದ ಕವಿ ಮಂಜೇಶ್ವರದ ಗೋವಿಂದ ಪೈಗಳು ಬುದ್ಧನ ಕೊನೆಯ ದಿನಗಳನ್ನು ಕುರಿತು ‘ವೈಶಾಖಿ’ ಬರೆದರು. ಜಪಾನಿನ ನೋ ನಾಟಕಗಳನ್ನೂ ಕನ್ನಡಕ್ಕೆ ತಂದರು.

ಮೊದಲು ಜಪಾನಿನ ಚರಿತ್ರೆ ಓದಬೇಕೋ ಅಲ್ಲಿನ ಬೌದ್ಧಧರ್ಮದ ಬಗ್ಗೆ ಓದಬೇಕೋ ಎಂಬ ಪ್ರಶ್ನೆಗೆ ಈ ಊರಿನಲ್ಲಿ ಒಳ್ಳೆಯ ದಾರಿ ತೋರುವುದು ಹತ್ತಿರದ ಕದ್ರಿ. ಅಲ್ಲಿನ ಮಂಜುನಾಥ ದೇವಸ್ಥಾನದಲ್ಲಿರುವ ಕಂಚಿನ ಲೋಕೇಶ್ವರನಿಗೆ ಮೂರು ಮುಖ, ಆರು ಕೈ, ಕುಳಿತಿರುವುದು ಪದ್ಮಾಸನದಲ್ಲಿ. ಆಳುಪ ದೊರೆ ಕುಂದವರ್ಮ ಅದನ್ನು 968ರಲ್ಲಿ ಕದರಿಕಾ ವಿಹಾರದಲ್ಲಿ ಪ್ರತಿಷ್ಠಾಪಿಸಿದನೆಂದು ಪೀಠದ ಸಂಸ್ಕೃತ ಶಾಸನ ಹೇಳುತ್ತದೆ. ಅದೇ ಶಾಸನ ಅವನನ್ನು ಶಿವಭಕ್ತನೆಂದೂ ಹೊಗಳುತ್ತದೆ. ಮೂರ್ತಿ ಬೌದ್ಧರದೋ ನಾಥಪಂಥದವರದೋ ಎಂದು ವಿದ್ವಾಂಸರು ವಾದಿಸುತ್ತಲೇ ಬಂದಿದ್ದಾರೆ. ಆದರೆ ಆ ದೊರೆಗೆ ಅಂಥ ಗೆರೆ ಎಳೆಯುವ ಅಗತ್ಯ ಕಂಡಿರಲಾರದು.

ಲೋಕೇಶ್ವರ, ಅಂದರೆ ಅವಲೋಕಿತೇಶ್ವರ, ಜಪಾನಿನಲ್ಲಿ ಕನ್ನೊನ್. ಅಲ್ಲಿಯೂ ಅವನ ನ್ಯೊಯಿರಿನ್ ರೂಪಕ್ಕೆ ಸಾಮಾನ್ಯವಾಗಿ ಆರು ಕೈ, ಆದರೆ ಮುಖ ಒಂದೇ, ಒಂದು ಮೊಣಕಾಲು ಮೇಲಕ್ಕೆತ್ತಿದ ಭಂಗಿ. ಆರನೆಯ ಶತಮಾನದಲ್ಲಿ ಕೊರಿಯಾದ ಮೂಲಕ ಬಂದ ಬೌದ್ಧಧರ್ಮಕ್ಕೆ ಅರಮನೆಯ ಆಸರೆ ಸಿಕ್ಕಿತು. ನಾರಾದ ಮಹಾಬುದ್ಧನಿಗೆ 752ರಲ್ಲಿ ಕಣ್ಣು ಬರೆದವನು ಭಾರತದ ಭಿಕ್ಷು ಬೋಧಿಸೇನ. ನಾಡದೇವತೆಗಳಾದ ಕಾಮಿಗಳೂ ಬುದ್ಧರೂ ನೂರಾರು ವರ್ಷ ಒಂದೇ ಆವರಣದಲ್ಲಿ ಪೂಜೆಗೊಂಡರು. ಅವರನ್ನು ಬೇರ್ಪಡಿಸಿದ್ದು 1868ರ ಮೇಜಿ ಸರ್ಕಾರದ ಆಜ್ಞೆ.

ಬರೀ ಪಂಥಗಳ ಪುಸ್ತಕ ಹಿಡಿದರೆ ಈ ಬೆರೆತ ಬಾಳು ಕಣ್ತಪ್ಪುತ್ತದೆ. ಅದಕ್ಕೇ ಚರಿತ್ರೆಯೇ ಮೊದಲಾಗಬೇಕು. 1931ರಲ್ಲಿ ಬಂದ ಜಾರ್ಜ್ ಸ್ಯಾನ್ಸಮ್‌ರ ‘ಜಪಾನ್: ಎ ಶಾರ್ಟ್ ಕಲ್ಚರಲ್ ಹಿಸ್ಟರಿ’ ಹಳತಾದರೂ ದೊರೆ, ದಾನಿ, ಶಿಲ್ಪ, ಕಾವ್ಯ, ಧರ್ಮಗಳನ್ನು ಒಟ್ಟಿಗೇ ಹೇಳುತ್ತದೆ. ಮೇಜಿ ಆಚೆಗಿನ ಕಾಲಕ್ಕೆ ಮಾತ್ರ ಹೊಸ ಪುಸ್ತಕಗಳೇ ಬೇಕು. ಡಿ. ಟಿ. ಸುಜುಕಿಯವರ ಜೆನ್ ಬರಹಗಳು ಸೊಗಸು, ಆದರೆ ಇಡೀ ಜಪಾನೇ ಜೆನ್ ಎನ್ನಿಸಿಬಿಡುತ್ತವೆ. ಅಮಿದ ಬುದ್ಧನ ನಾಮಸ್ಮರಣೆಯಲ್ಲಿ ಮುಕ್ತಿ ಕಂಡ ಅಸಂಖ್ಯ ಜನ ಅಲ್ಲಿ ಹಿಂದೆ ಸರಿಯುತ್ತಾರೆ. ಎರಡನೆಯ ಪುಸ್ತಕವಾಗಿ ಚಾರ್ಲ್ಸ್ ಎಲಿಯಟ್‌ರ ‘ಜಪಾನೀಸ್ ಬುದ್ಧಿಸಂ’ ಸೂಕ್ತ. ಎಲಿಯಟ್ 1931ರಲ್ಲಿ ತೀರಿಕೊಂಡರು. 1935ರಲ್ಲಿ ಅಚ್ಚಾದ ಆ ಗ್ರಂಥದ ನಿಚಿರೆನ್ ಅಧ್ಯಾಯವನ್ನು ಬರೆದು ಪೂರೈಸಿದವರು ಅದೇ ಸ್ಯಾನ್ಸಮ್.