ತುಟ್ಟಿಯನ್ನು ಅಳೆದ ಬಗೆ

ಕಾಲ ತುಟ್ಟಿಯಾಯಿತೆಂಬ ಮಾತು ಯಾವ ಕಾಲದಲ್ಲಿಯೂ ಕೇಳಿಬಾರದೆ ಇದ್ದುದಿಲ್ಲ. ಮನೆಯ ಹಿರಿಯರು ತಮ್ಮ ಬಾಲ್ಯದ ಅಕ್ಕಿಯ ದರವನ್ನೂ ತುಪ್ಪದ ದರವನ್ನೂ ಹೇಳಿ ನಿಟ್ಟುಸಿರುಬಿಡುವುದನ್ನು ಕೇಳುತ್ತಲೇ ನಾವೆಲ್ಲರೂ ಬೆಳೆದವರು. ಆದರೆ ಎಷ್ಟು ತುಟ್ಟಿಯಾಯಿತು, ಯಾರಿಗೆ ತುಟ್ಟಿಯಾಯಿತು, ಯಾವ ಊರಿನಲ್ಲಿ ತುಟ್ಟಿಯಾಯಿತು ಎಂಬ ಮೂರು ಪ್ರಶ್ನೆಗಳನ್ನು ಹಾಕಿದೊಡನೆಯೇ ನಿಟ್ಟುಸಿರು ಸಾಲದೆ ಹೋಗುತ್ತದೆ, ಲೆಕ್ಕ ಬೇಕಾಗುತ್ತದೆ. ಈ ಲೆಕ್ಕವನ್ನು ಮನುಷ್ಯನು ಹೇಗೆ ಕಲಿತನು, ನಮ್ಮ ದೇಶದಲ್ಲಿ ಅದು ಹೇಗೆ ಬೆಳೆಯಿತು, ಅದರ ಮೇಲೆ ಯಾರ ಅನ್ನ ನಿಂತಿದೆ ಎಂಬುದನ್ನು ಇಂದು ಸ್ವಲ್ಪ ವಿಚಾರಮಾಡೋಣ.

ಈ ಶಾಸ್ತ್ರದ ಹುಟ್ಟು ಒಂದು ಧರ್ಮಸಂಕಟದಲ್ಲಿದೆ. ಹದಿನೈದನೆಯ ಶತಮಾನದಲ್ಲಿ ಸ್ಥಾಪಿತವಾದ ಇಂಗ್ಲೆಂಡಿನ ಒಂದು ವಿದ್ಯಾಸಂಸ್ಥೆಯಲ್ಲಿ, ವರ್ಷಕ್ಕೆ ಐದು ಪೌಂಡುಗಳಿಗಿಂತ ಹೆಚ್ಚು ಸ್ವಂತ ಆದಾಯವುಳ್ಳವನು ಸದಸ್ಯನಾಗಿರಕೂಡದೆಂಬ ಕಟ್ಟಳೆಯಿತ್ತು. ಇನ್ನೂರೈವತ್ತು ವರ್ಷಗಳಿಗೂ ಹೆಚ್ಚು ಕಾಲ ಕಳೆದಮೇಲೆ, ಆರು ಪೌಂಡು ಆದಾಯವುಳ್ಳವನು ಆ ಪ್ರತಿಜ್ಞೆಯನ್ನು ಮನಸ್ಸಾಕ್ಷಿಗೆ ವಿರೋಧವಿಲ್ಲದೆ ಮಾಡಬಹುದೆ? ವಿಲಿಯಂ ಫ್ಲೀಟ್‌ವುಡ್ ಎಂಬ ಪಾದ್ರಿಯು 1707ರಲ್ಲಿ ಒಂದು ಗ್ರಂಥವನ್ನೇ ಬರೆದು ಇದಕ್ಕೆ ಉತ್ತರಕೊಟ್ಟನು. ಧಾನ್ಯ, ಮಾಂಸ, ಪಾನೀಯ, ಬಟ್ಟೆ ಇವುಗಳ ಹಳೆಯ ದರಗಳನ್ನು ಹುಡುಕಿ, ಅಂದಿನ ಐದು ಪೌಂಡು ಕೊಡುತ್ತಿದ್ದ ಸೌಕರ್ಯಕ್ಕೆ ತನ್ನ ಕಾಲದಲ್ಲಿ ಅದರ ಐದಾರು ಪಟ್ಟು ಹಣ ಬೇಕೆಂದು ತೋರಿಸಿದನು. ನಾಣ್ಯದ ಹೆಸರು ಒಂದೇ ಆಗಿದ್ದರೂ ಅದರ ಸತ್ತ್ವ ಬೇರೆಯಾಗಿದೆ ಎಂಬುದು ಅವನ ತೀರ್ಮಾನ.

ಎರಡನೆಯ ಪ್ರಸಂಗ ಯುದ್ಧಕಾಲದ್ದು. ಅಮೆರಿಕದ ಸ್ವಾತಂತ್ರ್ಯ ಸಂಗ್ರಾಮದಲ್ಲಿ ಕಾಗದದ ಹಣವು ಕಸದಂತಾಗಿ ಸೈನಿಕರು ಗೊಣಗತೊಡಗಿದಾಗ, ಮಸಾಚುಸೆಟ್ಸ್ ಸಂಸ್ಥಾನದವರು 1780ರಲ್ಲಿ ಅವರಿಗೆ ಒಂದು ಬಗೆಯ ಸಾಲಪತ್ರಗಳನ್ನು ಕೊಟ್ಟರು. ಐದು ಬುಷೆಲ್ ಜೋಳ, ಅರವತ್ತೆಂಟೂ ಏಳರಲ್ಲಿ ನಾಲ್ಕು ಪಾಲು ಪೌಂಡು ತೂಕದ ದನದ ಮಾಂಸ, ಹತ್ತು ಪೌಂಡು ಕುರಿಯ ಉಣ್ಣೆ, ಹದಿನಾರು ಪೌಂಡು ಅಟ್ಟೆಯ ಚರ್ಮ, ಇಷ್ಟರ ಒಟ್ಟು ಬೆಲೆ ಏರಿದಂತೆ ಸೈನಿಕನಿಗೆ ಸಲ್ಲುವ ಮೊತ್ತವೂ ಏರಬೇಕೆಂಬುದು ಆ ಪತ್ರಗಳ ಒಪ್ಪಂದ. ಇಂದು ನಮ್ಮ ಉದ್ಯೋಗಸ್ಥರು ತುಟ್ಟಿಭತ್ಯವೆಂದು ಪಡೆಯುವುದರ ಮೂಲತತ್ತ್ವವು ಈ ನಾಲ್ಕು ಪದಾರ್ಥಗಳಲ್ಲಿಯೇ ಅಡಗಿದೆ.

ಈ ಕೆಲಸಕ್ಕೆ ಒಂದು ಸೂತ್ರದ ರೂಪವನ್ನು ಕೊಟ್ಟವರು ಜರ್ಮನ್ ವಿದ್ವಾಂಸರು. 1871ರಲ್ಲಿ ಲಾಸ್ಪೇರ್ ಎಂಬಾತನು ಹೇಳಿದ ಕ್ರಮ ಸುಲಭವಾದುದು. ಒಂದು ವರ್ಷವನ್ನು ಆಧಾರವಾಗಿಟ್ಟುಕೊಳ್ಳಬೇಕು. ಆ ವರ್ಷದಲ್ಲಿ ಸಂಸಾರವು ಕೊಂಡ ಪದಾರ್ಥಗಳ ಬುಟ್ಟಿಯನ್ನು ಹಾಗೆಯೇ ಇಟ್ಟುಕೊಂಡು, ಅದೇ ಬುಟ್ಟಿಗೆ ಇಂದು ಎಷ್ಟು ಹಣ ಬೇಕೆಂದು ನೋಡಬೇಕು. ಅಂದು ನೂರು ರೂಪಾಯಿಗೆ ಬರುತ್ತಿದ್ದುದಕ್ಕೆ ಇಂದು ನೂರ ಮೂವತ್ತು ಬೇಕಾದರೆ ಸೂಚ್ಯಂಕ 130. ಮೂರು ವರ್ಷಗಳ ತರುವಾಯ ಪಾಶೆ ಎಂಬ ಮತ್ತೊಬ್ಬನು, ಅಂದಿನ ಬುಟ್ಟಿಗೆ ಬದಲಾಗಿ ಇಂದಿನ ಬುಟ್ಟಿಯನ್ನೇ ಹಿಡಿಯಬೇಕೆಂದನು. ಆದರೆ ತಿಂಗಳು ತಿಂಗಳೂ ಹೊಸ ಬುಟ್ಟಿಯನ್ನು ಕಟ್ಟುವುದು ಕಷ್ಟ. ಆದುದರಿಂದ ಸರ್ಕಾರಗಳು ಬಹುಮಟ್ಟಿಗೆ ಲಾಸ್ಪೇರನ ದಾರಿಯನ್ನೇ ಹಿಡಿದುವು.

ಬುಟ್ಟಿ ಯಾರದು ಎಂಬುದು ಇಲ್ಲಿ ಮುಖ್ಯವಾದ ಮಾತು. ಒಂದು ಕಲ್ಪಿತ ಲೆಕ್ಕವನ್ನು ಮಾಡಿ ನೋಡೋಣ. ಒಂದೇ ಬೀದಿಯಲ್ಲಿ ಎರಡು ಸಂಸಾರಗಳಿವೆ. ಮೊದಲನೆಯದು ನೂರು ರೂಪಾಯಿಯಲ್ಲಿ ಅರವತ್ತನ್ನು ಆಹಾರಕ್ಕೂ ನಲವತ್ತನ್ನು ಉಳಿದುದಕ್ಕೂ ವೆಚ್ಚಮಾಡುತ್ತದೆ. ಎರಡನೆಯದು ಆಹಾರಕ್ಕೆ ಮೂವತ್ತನ್ನೂ ಉಳಿದುದಕ್ಕೆ ಎಪ್ಪತ್ತನ್ನೂ ವೆಚ್ಚಮಾಡುತ್ತದೆ. ಆಹಾರದ ಬೆಲೆ ಶೇಕಡ 50ರಷ್ಟೂ ಮಿಕ್ಕವುಗಳ ಬೆಲೆ ಶೇಕಡ 10ರಷ್ಟೂ ಏರಿದರೆ, ಮೊದಲನೆಯ ಸಂಸಾರಕ್ಕೆ 134 ರೂಪಾಯಿ ಬೇಕು, ಎರಡನೆಯದಕ್ಕೆ 122 ಸಾಕು. ಅಂಗಡಿ ಒಂದೇ, ದರವೂ ಒಂದೇ. ತುಟ್ಟಿ ಮಾತ್ರ ಎರಡು ಬಗೆ. ಹೊಟ್ಟೆಗೇ ಹೆಚ್ಚು ವೆಚ್ಚಮಾಡಬೇಕಾದ ಬಡವನ ತುಟ್ಟಿಯು ಅನುಕೂಲಸ್ಥನ ತುಟ್ಟಿಗಿಂತ ಕಠಿನವಾದುದು.

ಇನ್ನು ನಮ್ಮ ದೇಶದ ಕಥೆ. ಹತ್ತೊಂಬತ್ತನೆಯ ಶತಮಾನದ ಕೊನೆಯಿಂದ ಬೆಲೆಗಳು ಏರುತ್ತಲೇ ಬಂದುದರಿಂದ, ಆಗಿನ ಇಂಡಿಯಾ ಸರ್ಕಾರದವರು ಕೆ. ಎಲ್. ದತ್ತರಿಂದ ಒಂದು ವಿಚಾರಣೆಯನ್ನು ಮಾಡಿಸಿದರು. ಅದರ ವರದಿ 1914ರಲ್ಲಿ ಹೊರಬಂದಿತು. ಅದೇ ವರ್ಷ ಮೊದಲನೆಯ ಮಹಾಯುದ್ಧ ಪ್ರಾರಂಭವಾಯಿತು. ಯುದ್ಧ ಮುಗಿಯುವ ವೇಳೆಗೆ ಕೂಲಿಯವನ ಹೊಟ್ಟೆಗೂ ಅವನ ಸಂಬಳಕ್ಕೂ ಹೊಂದಿಕೆ ತಪ್ಪಿತ್ತು. ಮುಂಬಯಿಯ ಹತ್ತಿಗಿರಣಿಗಳಲ್ಲಿ 1919ರಲ್ಲಿಯೂ 1920ರಲ್ಲಿಯೂ ದೊಡ್ಡ ಮುಷ್ಕರಗಳು ನಡೆದುವು. ಸಂಬಳ ಸಾಲದೆಂದು ಒಬ್ಬರು, ಸಾಲುತ್ತದೆಂದು ಮತ್ತೊಬ್ಬರು. ಇಬ್ಬರ ಕೈಯಲ್ಲಿಯೂ ಅಂಕಿಗಳಿಲ್ಲ. 1921ರಲ್ಲಿ ಮುಂಬಯಿ ಸರ್ಕಾರದವರು ಒಂದು ಕಾರ್ಮಿಕ ಕಚೇರಿಯನ್ನು ಸ್ಥಾಪಿಸಿ, 1914ರ ಜುಲೈ ತಿಂಗಳನ್ನು ನೂರೆಂದು ಹಿಡಿದು, ಕಾರ್ಮಿಕವರ್ಗದ ಜೀವನವೆಚ್ಚದ ಸೂಚ್ಯಂಕವನ್ನು ಪ್ರಕಟಿಸತೊಡಗಿದರು. ಫಿಂಡ್ಲೆ ಶಿರಾಸ್ ಎಂಬವರ ಮೇಲ್ವಿಚಾರಣೆಯಲ್ಲಿ ಕಾರ್ಮಿಕ ಸಂಸಾರಗಳ ಆಯವ್ಯಯದ ತಪಾಸಣೆಯೂ ನಡೆದು, ಅದರ ವರದಿ 1923ರಲ್ಲಿ ಅಚ್ಚಾಯಿತು.

ಆಮೇಲೆ ಒಂದೊಂದು ಊರೂ ತನ್ನ ತನ್ನ ಅಳತೆಗೋಲನ್ನು ಮಾಡಿಕೊಂಡಿತು. ಅಹಮದಾಬಾದಿನ ಆಧಾರವರ್ಷ 1926ರ ಆಗಸ್ಟಿನಿಂದ 1927ರ ಜುಲೈವರೆಗೆ. ಮುಂಬಯಿಯ ಪರಿಷ್ಕೃತ ಆಧಾರ 1933ರ ಜುಲೈಯಿಂದ 1934ರ ಜೂನ್‌ವರೆಗೆ. ಮದರಾಸಿನದು 1935ರ ಜುಲೈಯಿಂದ 1936ರ ಜೂನ್‌ವರೆಗೆ. ಹೀಗಿರುವಾಗ ಅಹಮದಾಬಾದಿನ ಅಂಕಿಯನ್ನು ಮದರಾಸಿನ ಅಂಕಿಯೊಡನೆ ಹೋಲಿಸುವುದು, ಒಬ್ಬನ ಎತ್ತರವನ್ನು ಮೊಳದಲ್ಲಿಯೂ ಮತ್ತೊಬ್ಬನ ಎತ್ತರವನ್ನು ಗೇಣಿನಲ್ಲಿಯೂ ಅಳೆದು ಯಾರು ಉದ್ದವೆಂದು ಕೇಳಿದಂತೆ. ಇದರ ಮೇಲೆ ನಾಣ್ಯ ಮತ್ತು ಅಳತೆಗಳ ತೊಡಕು ಬೇರೆ. ಇಂದಿನ ಕರ್ನಾಟಕವು ಅಂದು ಮೈಸೂರು, ಮುಂಬಯಿ, ಮದರಾಸು, ಹೈದರಾಬಾದು, ಕೊಡಗು ಎಂದು ಹಂಚಿಹೋಗಿತ್ತು. ಕಲಬುರಗಿ, ರಾಯಚೂರುಗಳಲ್ಲಿ ನಡೆಯುತ್ತಿದ್ದುದು ನಿಜಾಮರ ಹಾಲಿ ಸಿಕ್ಕ. ಬ್ರಿಟಿಷ್ ನಾಣ್ಯದ ನೂರು ರೂಪಾಯಿಗೆ ಅದರಲ್ಲಿ ಸುಮಾರು ನೂರ ಹದಿನಾರೂವರೆ ರೂಪಾಯಿ ಕೊಡಬೇಕಾಗಿತ್ತು. ಸೇರೆಂಬ ಹೆಸರು ಎಲ್ಲೆಲ್ಲಿಯೂ ಇದ್ದರೂ ಕಚ್ಚಾ ಸೇರು, ಪಕ್ಕಾ ಸೇರು ಎಂದು ಅದರ ತೂಕ ಊರಿಂದ ಊರಿಗೆ ಬದಲಾಗುತ್ತಿತ್ತು. ದಶಮಾನ ನಾಣ್ಯವು 1957ರಲ್ಲಿ ಬಂದು, ಅದನ್ನನುಸರಿಸಿ ಕಿಲೋಗ್ರಾಂ ತೂಕವು ಹಂತಹಂತವಾಗಿ ಜಾರಿಗೆ ಬಂದಮೇಲೆಯೇ ಈ ಗೊಂದಲ ತೀರಿದುದು.

ಎರಡನೆಯ ಮಹಾಯುದ್ಧವು ಈ ಕೆಲಸಕ್ಕೆ ತ್ವರೆಯನ್ನು ತಂದಿತು. ರೈಲ್ವೆ ಕಾರ್ಮಿಕರ ತುಟ್ಟಿಭತ್ಯದ ಪ್ರಶ್ನೆಯನ್ನು ವಿಚಾರಮಾಡಲು 1940ರಲ್ಲಿ ನೇಮಕವಾದ ವಿಚಾರಣಾ ಮಂಡಲಿಗೆ ಬೆನೆಗಲ್ ನರಸಿಂಗರಾಯರು ಅಧ್ಯಕ್ಷರು. ಮುಂದೆ ರಾಜ್ಯಾಂಗರಚನಾ ಸಭೆಗೆ ಸಲಹೆಗಾರರಾದ, ಮಂಗಳೂರಿನಲ್ಲಿ ಹುಟ್ಟಿದ ರಾಯರೇ ಇವರು. ದೇಶದ ಬೇರೆ ಬೇರೆ ಕೇಂದ್ರಗಳಿಗೆ ಒಂದೇ ಕ್ರಮದಲ್ಲಿ ಸೂಚ್ಯಂಕಗಳನ್ನು ಸಿದ್ಧಪಡಿಸಬೇಕೆಂಬ ಸಲಹೆಯು ಈ ವಿಚಾರಣೆಯಿಂದ ಬಲಗೊಂಡಿತು. ಎಸ್. ಆರ್. ದೇಶಪಾಂಡೆಯವರ ನಿರ್ದೇಶನದಲ್ಲಿ 1943ರಿಂದ ಸಂಸಾರವೆಚ್ಚದ ತಪಾಸಣೆಗಳು ನಡೆದುವು. 1946ರ ಅಕ್ಟೋಬರಿನಲ್ಲಿ ಶಿಮ್ಲಾದಲ್ಲಿ ಕೇಂದ್ರದ ಕಾರ್ಮಿಕ ಕಾರ್ಯಾಲಯವು ಸ್ಥಾಪಿತವಾಯಿತು. 1958-59ರಲ್ಲಿ ಐವತ್ತು ಕೇಂದ್ರಗಳಲ್ಲಿ ಹೊಸ ತಪಾಸಣೆ ನಡೆದು, 1960ನ್ನು ನೂರೆಂದು ಹಿಡಿದ ಸರಣಿಯು ಹುಟ್ಟಿತು. ಐವತ್ತರಲ್ಲಿ ಮೂವತ್ತೆರಡು ಕಾರ್ಖಾನೆಯ ಊರುಗಳು, ಎಂಟು ಗಣಿಯ ಊರುಗಳು, ಹತ್ತು ತೋಟದ ಸೀಮೆಗಳು. ನಮ್ಮ ಕಡೆಯಿಂದ ಬೆಂಗಳೂರು, ಕೋಲಾರದ ಚಿನ್ನದ ಗಣಿ, ಚಿಕ್ಕಮಗಳೂರು ಮತ್ತು ಕೊಡಗಿನ ಅಮ್ಮತ್ತಿ ಇದರಲ್ಲಿದ್ದುವು.

2001ನ್ನು ಆಧಾರವಾಗಿಟ್ಟ ಸರಣಿಯಲ್ಲಿ ಕೇಂದ್ರಗಳು ಎಪ್ಪತ್ತೆಂಟಾದುವು. ಅದರಲ್ಲಿ ಬೆಂಗಳೂರು, ಬೆಳಗಾವಿ, ಹುಬ್ಬಳ್ಳಿ-ಧಾರವಾಡ, ಮಡಿಕೇರಿ, ಮೈಸೂರು ಇವು ನಮ್ಮವು. ಚಿನ್ನದ ಗಣಿಯ ಹೆಸರಿಲ್ಲ. ಆ ಗಣಿಗಳು 2001ರಲ್ಲಿಯೇ ಮುಚ್ಚಿದುವು. ಒಂದು ಊರಿನ ದುಡಿಮೆ ನಿಂತರೆ ಅದರ ತುಟ್ಟಿಯನ್ನು ಅಳೆಯುವವರೂ ಇಲ್ಲವಾಗುತ್ತಾರೆ. ಆದರೆ ಅಲ್ಲಿ ಉಳಿದ ಜನರು ಅಂಗಡಿಗೆ ಹೋಗುವುದು ನಿಲ್ಲುವುದಿಲ್ಲ. 2016ರ ಸರಣಿಯಲ್ಲಿ ಕೇಂದ್ರಗಳು ಎಂಬತ್ತೆಂಟು. ಹಳೆಯ ಸರಣಿಯನ್ನು ಹೊಸದಕ್ಕೆ ಜೋಡಿಸುವ ಗುಣಕಗಳು ಕ್ರಮವಾಗಿ 4.93, 4.63, 2.88. ಈ ಮೂರನ್ನೂ ಗುಣಿಸಿದರೆ ಸುಮಾರು 65.7 ಬರುತ್ತದೆ. ಎಂದರೆ, ಬುಟ್ಟಿಗಳು ನಡುವೆ ಬದಲಾದುದನ್ನು ಬಿಟ್ಟು ಸ್ಥೂಲವಾಗಿ ಹೇಳುವುದಾದರೆ, 1960ರಲ್ಲಿ ಕಾರ್ಮಿಕನು ಒಂದು ರೂಪಾಯಿಗೆ ತರುತ್ತಿದ್ದುದಕ್ಕೆ 2016ರಲ್ಲಿ ಅರವತ್ತೈದು ರೂಪಾಯಿಗೂ ಮಿಗಿಲಾಗಿ ಕೊಡಬೇಕಾಗಿತ್ತು. ಹಿರಿಯರ ನಿಟ್ಟುಸಿರು ಬರಿಯ ಬಾಯಿಮಾತಲ್ಲ.

ಈ ಅಂಕಿಗಳು ಕಚೇರಿಯ ಕಡತಗಳಲ್ಲಿ ಮಲಗಿರುವಂಥವಲ್ಲವೆಂಬುದಕ್ಕೆ 1963ರ ಮುಂಬಯಿಯೇ ಸಾಕ್ಷಿ. ಅಂಗಡಿಯಲ್ಲಿ ತಾವು ಕಾಣುತ್ತಿರುವ ತುಟ್ಟಿಯು ಸರ್ಕಾರದ ಸೂಚ್ಯಂಕದಲ್ಲಿ ಕಾಣುತ್ತಿಲ್ಲವೆಂದು ಕಾರ್ಮಿಕ ಸಂಘಗಳು ಕೂಗಿದುವು. ಆ ಆಗಸ್ಟಿನಲ್ಲಿ ನಗರದ ಕೆಲಸಕಾರ್ಯಗಳೇ ನಿಂತುವು. ಅರ್ಥಶಾಸ್ತ್ರಜ್ಞರಾದ ಲಕ್ಡಾವಾಲಾ ಅವರ ಅಧ್ಯಕ್ಷತೆಯ ತಜ್ಞರ ಸಮಿತಿಯು ಪರೀಕ್ಷಿಸಿ, ಸೂಚ್ಯಂಕವು ನಿಜಕ್ಕಿಂತ ಕೆಳಗಿದೆಯೆಂದೂ ಅದನ್ನು ಮೇಲಕ್ಕೆ ತಿದ್ದಬೇಕೆಂದೂ ಹೇಳಿತು. ತುಟ್ಟಿಭತ್ಯವು ಸೂಚ್ಯಂಕಕ್ಕೆ ಕಟ್ಟಿಹಾಕಿದ್ದುದರಿಂದ, ಅಂಕಿಯ ತಪ್ಪು ಕಾರ್ಮಿಕನ ಜೇಬಿನ ನಷ್ಟವಾಗಿತ್ತು. ದೂರು ಕೊಟ್ಟವರು ಗಣಿತಜ್ಞರಲ್ಲ; ದಿನವೂ ಸೌದೆಯನ್ನೂ ಬಟ್ಟೆಯನ್ನೂ ಕೊಳ್ಳುತ್ತಿದ್ದವರು. ಆದರೂ ಸರಿ ಅವರ ಕಡೆಗಿತ್ತು.

ಈಗ ನಮ್ಮಂಥ ಓದುಬಲ್ಲವರೂ ಮಾಡುವ ಒಂದು ತಪ್ಪನ್ನು ಹೇಳಬೇಕು. ಪತ್ರಿಕೆಯಲ್ಲಿ ಒಂದು ಊರಿನ ಸೂಚ್ಯಂಕ 140, ಮತ್ತೊಂದರದು 150 ಎಂದು ಕಂಡರೆ, ಎರಡನೆಯ ಊರೇ ತುಟ್ಟಿಯ ಊರೆಂದು ನಾವು ತೀರ್ಮಾನಿಸುತ್ತೇವೆ. ಇದು ಸರಿಯಲ್ಲ. ಮೊದಲನೆಯ ಊರಿನಲ್ಲಿ ಬುಟ್ಟಿಯ ಬೆಲೆ ನೂರರಿಂದ ನೂರ ನಲವತ್ತಕ್ಕೂ, ಎರಡನೆಯದರಲ್ಲಿ ಅರವತ್ತರಿಂದ ತೊಂಬತ್ತಕ್ಕೂ ಏರಿದ್ದರೆ, ಸೂಚ್ಯಂಕಗಳು 140 ಮತ್ತು 150 ಆಗುತ್ತವೆ. ಆದರೂ ತೊಂಬತ್ತು ರೂಪಾಯಿಯ ಊರೇ ಅಗ್ಗ. ಈ ಸೂಚ್ಯಂಕವು ಊರನ್ನು ಅದರ ಹಿಂದಿನ ಕಾಲದೊಡನೆ ಹೋಲಿಸುತ್ತದೆ. ಒಂದು ಊರನ್ನು ಮತ್ತೊಂದು ಊರಿನೊಡನೆ ಹೋಲಿಸುವುದಿಲ್ಲ. ಊರೂರುಗಳನ್ನು ಹೋಲಿಸಬೇಕಾದರೆ ಒಂದೇ ದಿನದಲ್ಲಿ ಒಂದೇ ಬುಟ್ಟಿಯನ್ನು ಎರಡೂ ಕಡೆ ಬೆಲೆಕಟ್ಟಬೇಕು. ಧಾರವಾಡದವರ ಬುಟ್ಟಿಯಲ್ಲಿ ಜೋಳವೂ ಮೈಸೂರಿನವರ ಬುಟ್ಟಿಯಲ್ಲಿ ರಾಗಿಯೂ ಮಂಗಳೂರಿನವರ ಬುಟ್ಟಿಯಲ್ಲಿ ಕುಚ್ಚಲಕ್ಕಿಯೂ ಮೀನೂ ಇರುವಾಗ, ಆ ಒಂದೇ ಬುಟ್ಟಿಯನ್ನು ಎಲ್ಲಿಂದ ತರುವುದು? ಪ್ರಾಂತಭೇದದ ತುಟ್ಟಿಯನ್ನು ಅಳೆಯುವುದರ ಕಷ್ಟವೆಲ್ಲವೂ ಈ ಒಂದು ಪ್ರಶ್ನೆಯಲ್ಲಿದೆ.

ಹಳ್ಳಿಗೂ ಪಟ್ಟಣಕ್ಕೂ ಇರುವ ಅಂತರವನ್ನೂ ನೋಡಬೇಕು. ಬಹಳ ಕಾಲ ಕಾರ್ಖಾನೆಯ ಕಾರ್ಮಿಕರಿಗೊಂದು, ವ್ಯವಸಾಯದ ಕೂಲಿಗಳಿಗೊಂದು, ಪಟ್ಟಣದ ಉದ್ಯೋಗಸ್ಥರಿಗೊಂದು ಎಂದು ಸೂಚ್ಯಂಕಗಳು ಪ್ರತ್ಯೇಕವಾಗಿದ್ದುವು. ದೇಶದ ಎಲ್ಲ ಜನರನ್ನೂ ಒಳಗೊಂಡ ಸೂಚ್ಯಂಕವು ಹಳ್ಳಿ, ಪಟ್ಟಣ, ಎರಡೂ ಕೂಡಿದುದು ಎಂಬ ಮೂರು ರೂಪಗಳಲ್ಲಿ ಪ್ರಕಟವಾಗತೊಡಗಿದುದು 2011ರಲ್ಲಿ ಮಾತ್ರ. 2012ನ್ನು ಆಧಾರವಾಗಿಟ್ಟ ಸರಣಿಗಾಗಿ 310 ಪಟ್ಟಣಗಳಿಂದಲೂ 1,181 ಹಳ್ಳಿಗಳಿಂದಲೂ ದರಗಳನ್ನು ತರಿಸುತ್ತಿದ್ದರು. ಆ ಸರಣಿಯಲ್ಲಿ ಆಹಾರ ಪಾನೀಯಗಳ ಪಾಲು ಹಳ್ಳಿಯ ಬುಟ್ಟಿಯಲ್ಲಿ ಶೇಕಡ 54.18, ಪಟ್ಟಣದ ಬುಟ್ಟಿಯಲ್ಲಿ ಶೇಕಡ 36.29. ಮನೆಬಾಡಿಗೆಯನ್ನು ಪಟ್ಟಣದ ಲೆಕ್ಕಕ್ಕೆ ಮಾತ್ರ ಹಿಡಿದಿದ್ದರು. ಮಳೆ ತಪ್ಪಿ ಧಾನ್ಯದ ದರ ಏರಿದ ವರ್ಷ ಹಳ್ಳಿಯವನಿಗೆ ಬೀಳುವ ಪೆಟ್ಟೂ, ಬಾಡಿಗೆ ಏರಿದ ವರ್ಷ ಪಟ್ಟಣಿಗನಿಗೆ ಬೀಳುವ ಪೆಟ್ಟೂ ಬೇರೆ ಬೇರೆ. ಎರಡನ್ನೂ ಬೆರೆಸಿ ತೆಗೆದ ಒಂದೇ ಅಂಕಿಯು ಇಬ್ಬರಲ್ಲಿ ಯಾರ ಅನುಭವವೂ ಅಲ್ಲ. ಆದರೂ 2016ರಲ್ಲಿ ರಿಸರ್ವ್ ಬ್ಯಾಂಕಿನ ಶಾಸನವನ್ನು ತಿದ್ದಿ, ಹಣದುಬ್ಬರವನ್ನು ಶೇಕಡ ನಾಲ್ಕರ ಸುಮಾರಿನಲ್ಲಿಡಬೇಕೆಂದು ಗುರಿಯನ್ನು ಗೊತ್ತುಮಾಡಿದಾಗ, ಅಳತೆಗೋಲಾಗಿ ಹಿಡಿದುದು ಈ ಬೆರಕೆಯ ಅಂಕಿಯನ್ನೇ. ಬಡ್ಡಿಯ ದರವೊಂದೇ ಆಗಿರುವ ದೇಶಕ್ಕೆ ಒಂದೇ ಅಂಕಿ ಬೇಕಾಗುವುದು ಸಹಜ.

ಬುಟ್ಟಿಯು ಹಳತಾಗುವುದೂ ಒಂದು ದೋಷವೇ. ಕಾರ್ಮಿಕರ ಬುಟ್ಟಿಯಲ್ಲಿ ಆಹಾರದ ಪಾಲು 2001ರ ಸರಣಿಯಲ್ಲಿ ಶೇಕಡ 46.20 ಇದ್ದುದು 2016ರ ಸರಣಿಯಲ್ಲಿ 39.17ಕ್ಕೆ ಇಳಿಯಿತು, ಮಕ್ಕಳ ವಿದ್ಯಾಭ್ಯಾಸ, ವೈದ್ಯ, ಪ್ರಯಾಣ ಮುಂತಾದುವುಗಳ ಪಾಲು 23.26ರಿಂದ 30.31ಕ್ಕೆ ಏರಿತು. ಈ ಬದಲಾವಣೆ ಹದಿನೈದು ವರ್ಷಗಳಲ್ಲಿ ಮೆಲ್ಲಮೆಲ್ಲನೆ ಆದುದು. ಲೆಕ್ಕಕ್ಕೆ ಬಂದುದು 2020ರಲ್ಲಿ, ಹೊಸ ಸರಣಿಯು ಪ್ರಕಟವಾದಾಗ. ಅಷ್ಟು ಕಾಲವೂ ಶಾಲೆಯ ಶುಲ್ಕ ಏರಿದುದನ್ನು ತಂದೆ ತಾಯಿಗಳು ಅರಿತಷ್ಟು ಸೂಚ್ಯಂಕವು ಅರಿಯಲಿಲ್ಲ.

ಹಾಗಾದರೆ ಈ ಅಂಕಿಗಳನ್ನು ನಂಬಬಾರದೆ? ನಂಬಬೇಕು; ಆದರೆ ಅವುಗಳೊಡನೆ ಮಾತನಾಡುವುದನ್ನು ಕಲಿಯಬೇಕು. ಅಂಕಿಯಿಲ್ಲದಿದ್ದ 1920ರಲ್ಲಿ ಕಾರ್ಮಿಕನಿಗೆ ಉಳಿದಿದ್ದುದು ಮುಷ್ಕರವೊಂದೇ. ಅಂಕಿಯಿದ್ದ 1963ರಲ್ಲಿ ಅವನು ಅಂಕಿಯನ್ನೇ ಪ್ರಶ್ನಿಸಿ ತಿದ್ದುಪಡಿಯನ್ನು ಪಡೆಯಲು ಸಾಧ್ಯವಾಯಿತು. ಇದೇನೂ ಅಲ್ಪವಾದ ಲಾಭವಲ್ಲ. ಮುಂದೆ ಪತ್ರಿಕೆಯಲ್ಲಿ ಸೂಚ್ಯಂಕವನ್ನು ಕಂಡಾಗ, ಇದರ ಆಧಾರವರ್ಷ ಯಾವುದು, ಬುಟ್ಟಿ ಯಾರ ಮನೆಯದು, ದರ ತಂದ ಅಂಗಡಿ ಯಾವ ಊರಿನದು ಎಂದು ನಾವು ಕೇಳಿಕೊಳ್ಳೋಣ. ನಮ್ಮ ಮನೆಯ ಖರ್ಚಿನ ಪುಸ್ತಕವನ್ನು ಅದರ ಪಕ್ಕದಲ್ಲಿಟ್ಟು ನೋಡೋಣ. ಎರಡಕ್ಕೂ ಹೊಂದದಿದ್ದರೆ, ನಮ್ಮ ಪುಸ್ತಕವೇ ತಪ್ಪೆಂದು ಒಡನೆಯೇ ಒಪ್ಪಿಕೊಳ್ಳಬೇಕಾದುದಿಲ್ಲ.