ವೈಫೈಗೆ ಪಾಸ್‌ವರ್ಡ್ ಇದ್ದರೆ ಮನೆಯ ಕ್ಯಾಮೆರಾ ಸುರಕ್ಷಿತವೇ?

ಊರಿನ ಮನೆಯಲ್ಲಿ ವಯಸ್ಸಾದ ಅಪ್ಪ ಅಮ್ಮ ಇಬ್ಬರೇ ಇದ್ದಾರೆ ಎಂದು ಮಕ್ಕಳು ಹಾಲ್‌ಗೆ ಒಂದು ಕ್ಯಾಮೆರಾ ಹಾಕಿಸುತ್ತಾರೆ. ಅಂಗಡಿಗೆ, ಗೇಟಿಗೆ, ಮಗು ಮಲಗುವ ಕೋಣೆಗೂ ಈಗ ಕ್ಯಾಮೆರಾ ಬಂದಿದೆ. ಇದರ ಬಗ್ಗೆ ವಾಟ್ಸ್‌ಆ್ಯಪ್‌ನಲ್ಲಿ ಎರಡು ಬಗೆಯ ಮಾತು ಓಡಾಡುತ್ತವೆ. ಒಂದು, "ಹ್ಯಾಕರ್‌ಗಳು ಎಲ್ಲರ ಮನೆಯನ್ನೂ ನೋಡುತ್ತಿದ್ದಾರೆ, ಕೂಡಲೇ ಕಿತ್ತುಹಾಕಿ." ಇನ್ನೊಂದು, "ವೈಫೈಗೆ ಪಾಸ್‌ವರ್ಡ್ ಇದೆಯಲ್ಲ, ಏನೂ ಆಗುವುದಿಲ್ಲ."

ಎರಡೂ ಸರಿಯಲ್ಲ. ಯಾಕೆ ಎಂದು ತಿಳಿಯಲು ನೆಟ್‌ವರ್ಕ್ ಹೇಗೆ ಕೆಲಸ ಮಾಡುತ್ತದೆ ಎಂಬುದನ್ನು ಸ್ವಲ್ಪ ನೋಡೋಣ.

ನೆಟ್‌ವರ್ಕ್ ಎಂದರೇನು?

ಎರಡು ಅಥವಾ ಹೆಚ್ಚು ಸಾಧನಗಳು ತಂತಿಯ ಮೂಲಕವೋ ರೇಡಿಯೊ ಅಲೆಗಳ ಮೂಲಕವೋ ಮಾಹಿತಿ ಹಂಚಿಕೊಂಡರೆ ಅದೇ ನೆಟ್‌ವರ್ಕ್. ನಿಮ್ಮ ಫೋನ್, ಟಿವಿ, ಕ್ಯಾಮೆರಾ ಎಲ್ಲವೂ ಮನೆಯ ರೂಟರ್‌ಗೆ ಸೇರಿ ಒಂದು ಸಣ್ಣ ನೆಟ್‌ವರ್ಕ್ ಆಗಿವೆ. ಇಂಥ ಲೆಕ್ಕವಿಲ್ಲದಷ್ಟು ನೆಟ್‌ವರ್ಕ್‌ಗಳು ಒಂದಕ್ಕೊಂದು ಸೇರಿದಾಗ ಇಂಟರ್‌ನೆಟ್ ಆಗುತ್ತದೆ. ಭಾರತದಲ್ಲಿ ಇದು ಜನಸಾಮಾನ್ಯರಿಗೆ ಸಿಗತೊಡಗಿದ್ದು 1995ರ ಆಗಸ್ಟ್ 15ರಂದು, ವಿಎಸ್‌ಎನ್‌ಎಲ್ ಮೂಲಕ.

ನೀವು ಕಳಿಸುವ ಫೋಟೊ ಇಡಿಯಾಗಿ ಹೋಗುವುದಿಲ್ಲ. ಪ್ಯಾಕೆಟ್ ಎಂಬ ಸಣ್ಣ ತುಂಡುಗಳಾಗಿ ಹೋಗುತ್ತದೆ. ಒಂದು ಪ್ಯಾಕೆಟ್ ಸಾಮಾನ್ಯವಾಗಿ ಹೆಚ್ಚೆಂದರೆ 1,500 ಬೈಟ್‌ನಷ್ಟು ಇರುತ್ತದೆ. ಅಂದರೆ 3 ಎಂಬಿ ಫೋಟೊ ಸುಮಾರು 2,000 ತುಂಡುಗಳಾಗುತ್ತದೆ. ಪ್ರತಿ ತುಂಡಿನ ಮೇಲೂ ಎಲ್ಲಿಂದ, ಎಲ್ಲಿಗೆ ಎಂಬ ವಿಳಾಸ ಇರುತ್ತದೆ. ಇದೇ ಐಪಿ ವಿಳಾಸ. ತಲುಪಿದ ಮೇಲೆ ತುಂಡುಗಳು ಮತ್ತೆ ಜೋಡಿಸಲ್ಪಡುತ್ತವೆ.

ರೂಟರ್ ಎಂಬ ವಾಚ್‌ಮ್ಯಾನ್

ರೂಟರ್ ಅನ್ನು ಅಪಾರ್ಟ್‌ಮೆಂಟಿನ ವಾಚ್‌ಮ್ಯಾನ್‌ಗೆ ಹೋಲಿಸಬಹುದು. ಹೊರಗಿನವರಿಗೆ ಕಾಣುವುದು ಕಟ್ಟಡದ ವಿಳಾಸ ಮಾತ್ರ. ಒಳಗಿನ ಫ್ಲ್ಯಾಟ್ ನಂಬರ್‌ಗಳು ವಾಚ್‌ಮ್ಯಾನ್‌ಗೆ ಗೊತ್ತು. ಹಾಗೆಯೇ ನಿಮ್ಮ ಫೋನ್, ಕ್ಯಾಮೆರಾಗಳಿಗೆ ರೂಟರ್ ಒಳಗಿನ ವಿಳಾಸ ಕೊಡುತ್ತದೆ. ಹೆಚ್ಚಿನ ಮನೆಗಳಲ್ಲಿ ಇದು 192.168 ಎಂದು ಶುರುವಾಗುತ್ತದೆ.

ನೀವು ಫೋನಿನಲ್ಲಿ ಒಂದು ವೆಬ್‌ಸೈಟ್ ತೆರೆದರೆ ರೂಟರ್ ಅದನ್ನು ನೆನಪಿಟ್ಟುಕೊಂಡು, ಬಂದ ಉತ್ತರವನ್ನು ನಿಮ್ಮ ಫೋನಿಗೇ ತಲುಪಿಸುತ್ತದೆ. ಯಾರೂ ಕೇಳದೆ ಹೊರಗಿನಿಂದ ಬಂದ ಪ್ಯಾಕೆಟ್‌ಗಳನ್ನು ಸಾಮಾನ್ಯವಾಗಿ ಗೇಟಿನಲ್ಲೇ ತಡೆಯುತ್ತದೆ.

ಹಾಗಾದರೆ ದುಬೈನಲ್ಲಿರುವ ಮಗನಿಗೆ ಊರಿನ ಕ್ಯಾಮೆರಾ ಹೇಗೆ ಕಾಣುತ್ತದೆ? ಎರಡು ದಾರಿಗಳಿವೆ. ಒಂದು, ಕ್ಯಾಮೆರಾ ತಾನೇ ಕಂಪನಿಯ ಸರ್ವರ್ ಜೊತೆ ಸಂಪರ್ಕದಲ್ಲಿರುತ್ತದೆ. ಮಗ ಆ್ಯಪ್‌ನಲ್ಲಿ ಲಾಗಿನ್ ಆಗಿ ಅದರ ಮೂಲಕ ನೋಡುತ್ತಾನೆ. ಇನ್ನೊಂದು, ಹೊರಗಿನವರು ನೇರವಾಗಿ ಕ್ಯಾಮೆರಾ ಅಥವಾ ಡಿವಿಆರ್ ತಲುಪುವಂತೆ ರೂಟರ್‌ನಲ್ಲಿ ಒಂದು ಬಾಗಿಲು ತೆರೆದಿಡುವುದು. ಇದಕ್ಕೆ ಪೋರ್ಟ್ ಫಾರ್ವರ್ಡಿಂಗ್ ಎನ್ನುತ್ತಾರೆ. ಈ ಬಾಗಿಲು ಮಗನಿಗೆ ಮಾತ್ರವಲ್ಲ, ಜಗತ್ತಿಗೇ ತೆರೆದಿರುತ್ತದೆ. ಆಗ ಉಳಿಯುವ ಮುಖ್ಯ ತಡೆ ಎಂದರೆ ಆ ಸಾಧನದ ಪಾಸ್‌ವರ್ಡ್.

ಬೀಗ ಒಂದಲ್ಲ, ಮೂರು

1. ವೈಫೈ ಪಾಸ್‌ವರ್ಡ್: ಸಿಗ್ನಲ್ ಸಿಗುವಷ್ಟು ಹತ್ತಿರ ಇರುವವರು ನಿಮ್ಮ ವೈಫೈಗೆ ಸೇರದಂತೆ ತಡೆಯುತ್ತದೆ.
2. ರೂಟರ್‌ನ ಅಡ್ಮಿನ್ ಪಾಸ್‌ವರ್ಡ್: ರೂಟರ್‌ನ ಸೆಟ್ಟಿಂಗ್ ಬದಲಿಸಲು ಬೇಕಾಗುವುದು ಇದು.
3. ಕ್ಯಾಮೆರಾ, ಡಿವಿಆರ್ ಅಥವಾ ಆ್ಯಪ್ ಖಾತೆಯ ಪಾಸ್‌ವರ್ಡ್: ದೃಶ್ಯ ನೋಡಲು ಬೇಕಾಗುವುದು ಇದು.

ಬೇರೆ ದೇಶದಲ್ಲಿ ಕುಳಿತವನು ನಿಮ್ಮ ವೈಫೈ ಸಿಗ್ನಲ್ ಹತ್ತಿರ ಬರಬೇಕಾಗಿಯೇ ಇಲ್ಲ. ಅವನು ಇಂಟರ್‌ನೆಟ್ ಕಡೆಯಿಂದ ಬರುತ್ತಾನೆ. ಅಲ್ಲಿ ಮೊದಲ ಬೀಗ ಎಷ್ಟೇ ಗಟ್ಟಿ ಇದ್ದರೂ ಉಪಯೋಗವಿಲ್ಲ.

2016ರಲ್ಲಿ ನಡೆದದ್ದು

ಮಿರಾಯ್ ಎಂಬ ದುಷ್ಟ ತಂತ್ರಾಂಶ ಇದನ್ನು ಜಗತ್ತಿಗೇ ತೋರಿಸಿಕೊಟ್ಟಿತು. ಅದು ಇಂಟರ್‌ನೆಟ್‌ನಲ್ಲಿ ತೆರೆದ ಬಾಗಿಲುಗಳನ್ನು ಹುಡುಕುತ್ತಾ ಹೋಗಿ, ಕಾರ್ಖಾನೆಯಲ್ಲೇ ಇಟ್ಟ ಅರವತ್ತಕ್ಕೂ ಹೆಚ್ಚು ಯೂಸರ್‌ನೇಮ್-ಪಾಸ್‌ವರ್ಡ್ ಜೋಡಿಗಳನ್ನು ಪ್ರಯತ್ನಿಸುತ್ತಿತ್ತು. ಅಡ್ಮಿನ್-ಅಡ್ಮಿನ್, ರೂಟ್-123456 ಎಂಬಂಥವು. ಅಷ್ಟರಿಂದಲೇ ಒಂದು ಹಂತದಲ್ಲಿ ಸುಮಾರು 6 ಲಕ್ಷ ಕ್ಯಾಮೆರಾ, ಡಿವಿಆರ್, ರೂಟರ್‌ಗಳು ಅದರ ಕೈವಶವಾಗಿದ್ದವು.

2016ರ ಅಕ್ಟೋಬರ್ 21ರಂದು ಹೀಗೆ ವಶವಾದ ಸಾಧನಗಳು ಒಟ್ಟಾಗಿ ಅಮೆರಿಕದ ಡಿನ್ ಎಂಬ ಕಂಪನಿಯ ಮೇಲೆ ಮುಗಿಬಿದ್ದವು. ವೆಬ್‌ಸೈಟ್‌ನ ಹೆಸರನ್ನು ಐಪಿ ವಿಳಾಸಕ್ಕೆ ಬದಲಿಸಿಕೊಡುವ ಡಿಎನ್‌ಎಸ್ ಸೇವೆ ಈ ಕಂಪನಿಯದು. ಅದು ತತ್ತರಿಸಿದ್ದರಿಂದ ಟ್ವಿಟರ್, ನೆಟ್‌ಫ್ಲಿಕ್ಸ್‌ನಂಥ ಸೇವೆಗಳೂ ಅನೇಕರಿಗೆ ಗಂಟೆಗಟ್ಟಲೆ ಸಿಗಲಿಲ್ಲ. ಮಿರಾಯ್ ಸೃಷ್ಟಿಸಿದ ಮೂವರು ಅಮೆರಿಕನ್ ಯುವಕರು 2017ರಲ್ಲಿ ತಪ್ಪೊಪ್ಪಿಕೊಂಡರು.

ಇಲ್ಲಿ ಗಮನಿಸಬೇಕಾದ ಇನ್ನೊಂದು ವಿಷಯವಿದೆ. ಮಿರಾಯ್ ಸಾಧನದ ತಾತ್ಕಾಲಿಕ ಮೆಮೊರಿಯಲ್ಲಿ ಮಾತ್ರ ಇರುತ್ತಿತ್ತು, ಹಾಗಾಗಿ ಆಫ್ ಮಾಡಿ ಆನ್ ಮಾಡಿದರೆ ಹೋಗುತ್ತಿತ್ತು. ಆದರೆ ಪಾಸ್‌ವರ್ಡ್ ಬದಲಿಸದಿದ್ದರೆ ಕೆಲವೇ ನಿಮಿಷಗಳಲ್ಲಿ ಮತ್ತೆ ಸೇರಿಕೊಳ್ಳಬಹುದಿತ್ತು. "ರೂಟರ್ ಆಫ್ ಮಾಡಿ ಆನ್ ಮಾಡಿದರೆ ವೈರಸ್ ಹೋಗುತ್ತದೆ" ಎಂಬ ಸಲಹೆ ಅರ್ಧ ಮಾತ್ರ ನಿಜ ಎನ್ನುವುದು ಇದಕ್ಕೇ.

ಬ್ರಿಟನ್‌ನಲ್ಲಿ ಸುಲಭವಾಗಿ ಊಹಿಸಬಹುದಾದ ಡಿಫಾಲ್ಟ್ ಪಾಸ್‌ವರ್ಡ್ ಇಟ್ಟು ಇಂಥ ಸಾಧನ ಮಾರುವುದನ್ನು ನಿಷೇಧಿಸುವ ಕಾನೂನು 2024ರ ಏಪ್ರಿಲ್ 29ರಿಂದ ಜಾರಿಯಲ್ಲಿದೆ.

ಇವತ್ತೇ ಮಾಡಬಹುದಾದದ್ದು

• ಕ್ಯಾಮೆರಾ, ಡಿವಿಆರ್, ರೂಟರ್ ಪಾಸ್‌ವರ್ಡ್‌ಗಳನ್ನು ಬದಲಿಸಿ. ಮೂರಕ್ಕೂ ಬೇರೆ ಬೇರೆ, ಉದ್ದನೆಯ ಪಾಸ್‌ವರ್ಡ್ ಇರಲಿ. ಮೊಬೈಲ್ ನಂಬರ್, ಮಗುವಿನ ಹೆಸರು ಬೇಡ.
• ಕ್ಯಾಮೆರಾ ಫಿಟ್ ಮಾಡಿದವರು ಪಾಸ್‌ವರ್ಡ್ ಇಟ್ಟಿದ್ದರೆ, ಅವರು ಹೋದ ಮೇಲೆ ನೀವೇ ಬದಲಿಸಿ. ಪೋರ್ಟ್ ಫಾರ್ವರ್ಡಿಂಗ್ ಮಾಡಿದ್ದಾರೆಯೇ ಎಂದು ಕೇಳಿ. ಬೇಡವಾದರೆ ತೆಗೆಸಿ.
• ಆ್ಯಪ್‌ನಲ್ಲಿ ಎರಡು ಹಂತದ ಲಾಗಿನ್ ಇದ್ದರೆ ಆನ್ ಮಾಡಿ. ಆಗ ಪಾಸ್‌ವರ್ಡ್ ಸೋರಿದರೂ ಒಟಿಪಿ ಇಲ್ಲದೆ ಒಳಬರುವುದು ಕಷ್ಟ.
• ಅಪ್‌ಡೇಟ್ ಬಂದರೆ ಮುಂದೂಡಬೇಡಿ. ಕಂಪನಿ ಅಪ್‌ಡೇಟ್ ಕೊಡುವುದನ್ನೇ ನಿಲ್ಲಿಸಿದ ಹಳೆಯ ಕ್ಯಾಮೆರಾವನ್ನು ಇಂಟರ್‌ನೆಟ್‌ನಿಂದ ಬಿಡಿಸಿ.
• ರೂಟರ್‌ನಲ್ಲಿ ಗೆಸ್ಟ್ ವೈಫೈ ಇದ್ದರೆ ಕ್ಯಾಮೆರಾ, ಟಿವಿಗಳನ್ನು ಅದಕ್ಕೆ ಸೇರಿಸಿ. ಒಂದು ಸಾಧನ ಕೆಟ್ಟವರ ಕೈಸೇರಿದರೂ ನಿಮ್ಮ ಫೋನ್, ಲ್ಯಾಪ್‌ಟಾಪ್ ದೂರ ಉಳಿಯುತ್ತವೆ.
• ಮಲಗುವ ಕೋಣೆ, ಬಟ್ಟೆ ಬದಲಿಸುವ ಜಾಗಗಳಿಗೆ ಇಂಟರ್‌ನೆಟ್ ಕ್ಯಾಮೆರಾ ಹಾಕದಿರುವುದೇ ಒಳ್ಳೆಯದು.

ನೆಟ್ ನಿಧಾನವಾದ ಮಾತ್ರಕ್ಕೆ ಹ್ಯಾಕ್ ಆಗಿದೆ ಎಂದು ಗಾಬರಿಪಡಬೇಡಿ. ಆದರೆ ಕ್ಯಾಮೆರಾ ತಾನಾಗಿಯೇ ತಿರುಗಿದರೆ, ಆ್ಯಪ್‌ನಲ್ಲಿ ನಿಮಗೆ ಗೊತ್ತಿಲ್ಲದ ಫೋನಿನ ಲಾಗಿನ್ ಕಂಡರೆ ಕೂಡಲೇ ಪ್ಲಗ್ ತೆಗೆಯಿರಿ. ಸಾಧನವನ್ನು ಫ್ಯಾಕ್ಟರಿ ರೀಸೆಟ್ ಮಾಡಿ, ಹೊಸ ಪಾಸ್‌ವರ್ಡ್ ಇಟ್ಟ ಮೇಲೆಯೇ ಮತ್ತೆ ಜೋಡಿಸಿ. ಯಾರಾದರೂ ದೃಶ್ಯ ಇಟ್ಟುಕೊಂಡು ಬೆದರಿಸಿದರೆ ಹಣ ಕೊಡಬೇಡಿ. ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಂಡು ರಾಷ್ಟ್ರೀಯ ಸೈಬರ್ ಕ್ರೈಂ ಪೋರ್ಟಲ್‌ನಲ್ಲಿ ಅಥವಾ ಹತ್ತಿರದ ಪೊಲೀಸ್ ಠಾಣೆಯಲ್ಲಿ ದೂರು ಕೊಡಿ. ಹಣ ಈಗಾಗಲೇ ಹೋಗಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿ.

ಕ್ಯಾಮೆರಾ ಕಿತ್ತುಹಾಕಬೇಕಾಗಿಲ್ಲ. ಅದೂ ಒಂದು ಪುಟ್ಟ ಕಂಪ್ಯೂಟರ್, ಅದಕ್ಕೂ ತನ್ನದೇ ಬೀಗ ಬೇಕು ಎಂಬುದು ನೆನಪಿದ್ದರೆ ಸಾಕು. ಈ ಲೇಖನವನ್ನು ಮನೆಯವರ ಗ್ರೂಪಿಗೆ ಕಳಿಸುವ ಮೊದಲು ನಿಮ್ಮ ಮನೆಯ ಮೂರು ಪಾಸ್‌ವರ್ಡ್‌ಗಳನ್ನು ಒಮ್ಮೆ ನೋಡಿಕೊಳ್ಳಿ.