ಮುಂಬಯಿಯ ಉದ್ಯಾನಗಳಲ್ಲಿ ನಮ್ಮ ಚರಿತ್ರೆ

ಮುಂಬಯಿ ಎಂದೊಡನೆ ಸೊಲ್ಲಾಪುರ, ಅಕ್ಕಲಕೋಟೆ, ಜತ್ತ ಕಡೆಯ ಕನ್ನಡಿಗರಿಗೆ ನೆನಪಾಗುವುದು ಉದ್ಯೋಗ, ಆಸ್ಪತ್ರೆ, ಬಂಧುಗಳ ಮನೆ. ಬಿಡುವು ದೊರೆತರೆ ಗೇಟ್‌ವೇ ಆಫ್ ಇಂಡಿಯಾ ಮತ್ತು ಚೌಪಾಟಿಗಳನ್ನು ನೋಡಿ ಹಿಂತಿರುಗುತ್ತೇವೆ. ಉದ್ಯಾನಗಳು ಮಕ್ಕಳ ಆಟಕ್ಕೆಂದು ಭಾವಿಸಿ ಬಿಟ್ಟುಬಿಡುತ್ತೇವೆ. ಆದರೆ ಏಳು ದ್ವೀಪಗಳ ನಡುವಣ ಕಡಲನ್ನು ತುಂಬಿ ನೆಲ ಮಾಡಿಕೊಂಡ ಈ ಬಂದರು ನಗರದಲ್ಲಿ ಒಂದು ತುಂಡು ಭೂಮಿ ಕಟ್ಟಡವಾಗದೆ ಹಸಿರಾಗಿ ಉಳಿದಿದೆಯೆಂದರೆ ಅದಕ್ಕೊಂದು ಕಾರಣವಿರಲೇಬೇಕು. ಆ ಕಾರಣವನ್ನು ಅರಸುತ್ತ ಹೋದರೆ ನಗರದ ಚರಿತ್ರೆಯೊಡನೆ ನಮ್ಮ ಚರಿತ್ರೆಯೂ ಎದುರಾಗುತ್ತದೆ.

ಮೊದಲಿಗೆ ಬೈಕಲಾದ ರಾಣಿಬಾಗ್. 1862ರಲ್ಲಿ ವಿಕ್ಟೋರಿಯಾ ಉದ್ಯಾನವೆಂಬ ಹೆಸರಿನಿಂದ ಇದು ಜನರಿಗೆ ತೆರೆಯಿತು. ಇಂದಿನ ಹೆಸರು ವೀರಮಾತಾ ಜಿಜಾಬಾಯಿ ಭೋಸಲೆ ಉದ್ಯಾನ. ಜನ ಇದನ್ನು ಮೃಗಾಲಯವೆಂದೇ ಬಲ್ಲರು. ಮೂಲತಃ ಇದು ಸಸ್ಯೋದ್ಯಾನ. ಹಡಗುಗಳು ಸರಕಿನೊಡನೆ ಬೀಜಗಳನ್ನೂ ಸಸಿಗಳನ್ನೂ ತರುತ್ತಿದ್ದ ಕಾಲದ ಗುರುತಾಗಿ ಆಫ್ರಿಕಾ ಮೂಲದ, ಆನೆಯ ಕಾಲಿನಂಥ ಕಾಂಡದ ಬಾವೊಬಾಬ್ ಮರ ಇಲ್ಲಿದೆ. ಅಮೆರಿಕ ಖಂಡದಿಂದ ಬಂದು ನಮ್ಮ ಶಿವಾಲಯಗಳ ಅಂಗಳ ಸೇರಿದ ನಾಗಲಿಂಗ ಪುಷ್ಪದ ಮರವೂ ಇದೆ. ಗಿರಣಿಗಳ ಹೊಗೆಯಲ್ಲಿ ದುಡಿದ ಪರಳ, ಲಾಲಬಾಗ್ ಕಡೆಯ ಕಾರ್ಮಿಕ ಕುಟುಂಬಗಳಿಗೆ ಶುದ್ಧ ಗಾಳಿಯ ತಾಣವೂ ಇದೇ ಆಗಿತ್ತು.

ಇದೇ ಆವರಣದಲ್ಲಿ, 1872ರಲ್ಲಿ ತೆರೆದ ವಸ್ತುಸಂಗ್ರಹಾಲಯದ ಬದಿಗೆ, ಒಂದು ಕಲ್ಲಿನ ಆನೆ ನಿಂತಿದೆ. ಘಾರಾಪುರಿ ದ್ವೀಪಕ್ಕೆ ಪೋರ್ಚುಗೀಸರು ಎಲಿಫೆಂಟಾ ಎಂದು ಹೆಸರಿಟ್ಟದ್ದು ಈ ಆನೆಯನ್ನು ಕಂಡೇ. 1864ರಲ್ಲಿ ಇದನ್ನು ಇಂಗ್ಲೆಂಡಿಗೆ ಸಾಗಿಸಲು ಎತ್ತುವಾಗ ಬಿದ್ದು ತುಂಡಾಯಿತು. ತುಂಡುಗಳು ಇಲ್ಲಿಗೆ ಬಂದವು. ಮುಂದೆ ಅವನ್ನು ಜೋಡಿಸಿ ನಿಲ್ಲಿಸಿದರು. ಇಮ್ಮಡಿ ಪುಲಕೇಶಿಯು ಪಡುಗಡಲಿನ ಪುರಿಯೆಂಬ ನಗರವನ್ನು ಹಡಗುಗಳಿಂದ ಮುತ್ತಿದನೆಂದು 634ರ ಐಹೊಳೆಯ ಶಾಸನ ಹೇಳುತ್ತದೆ. ಆ ಪುರಿ ಘಾರಾಪುರಿಯೇ ಎಂದು ಕೆಲವು ವಿದ್ವಾಂಸರ ಅಭಿಪ್ರಾಯ. ಇದರಲ್ಲಿ ಒಮ್ಮತವಿಲ್ಲ; ಆದರೂ ಬಾದಾಮಿಯ ನೌಕಾಬಲ ಈ ಕರಾವಳಿಯನ್ನು ಮುಟ್ಟಿತ್ತೆಂಬುದು ಗಮನಾರ್ಹ.

ಉಳಿದ ಹಸಿರಿಗೆ ಬಹುಮಟ್ಟಿಗೆ ನೀರೇ ಕಾರಣ. ಮಲಬಾರ್ ಹಿಲ್ಲಿನ ತೂಗು ಉದ್ಯಾನದಲ್ಲಿ ನಡೆದಾಡುವವರ ಕಾಲ ಕೆಳಗಿರುವುದು ನಗರಕ್ಕೆ ಕುಡಿಯುವ ನೀರುಣಿಸುವ ಜಲಾಗಾರ. ನೀರನ್ನು ಕಾಪಾಡಲು ಹೊದಿಸಿದ ಮಣ್ಣಿನ ಮೇಲೆ ಹೂದೋಟ ಬೆಳೆಯಿತು. ಉತ್ತರದ ಬೋರಿವಲಿಯ ರಾಷ್ಟ್ರೀಯ ಉದ್ಯಾನದ ಕಥೆಯೂ ಇದೇ. 1860ರಲ್ಲಿ ವಿಹಾರ, 1879ರಲ್ಲಿ ತುಳಸಿ ಎಂಬ ಕೆರೆಗಳು ನಿರ್ಮಾಣವಾದವು. ಕೆರೆಗೆ ನೀರು ಹರಿದುಬರುವ ಗುಡ್ಡಗಳನ್ನು ಕೆಡಿಸಬಾರದೆಂದು ಕಾಡನ್ನು ಕಾಯ್ದರು. ಇಂದು ನೂರು ಚದರ ಕಿಲೋಮೀಟರಿಗೂ ಮಿಕ್ಕ ಆ ಅರಣ್ಯದಲ್ಲಿ ಚಿರತೆಗಳು ವಾಸಿಸುತ್ತಿವೆ.

ಆ ಕಾಡಿನ ನಡುವೆ ಕಾನ್ಹೇರಿಯಿದೆ. ಕರಿಗಲ್ಲಿನ ಗುಡ್ಡದಲ್ಲಿ ಬೌದ್ಧ ಭಿಕ್ಷುಗಳಿಗಾಗಿ ಕೊರೆದ ನೂರಕ್ಕೂ ಹೆಚ್ಚು ಗುಹೆಗಳು, ಮಳೆನೀರು ಹಿಡಿದಿಡುವ ತೊಟ್ಟಿಗಳು, ಬಂಡೆಯಲ್ಲೇ ಕಡಿದ ಮೆಟ್ಟಿಲುಗಳು ಇಲ್ಲಿವೆ. ಕನ್ನಡಿಗರು ವಿಶೇಷವಾಗಿ ನೋಡಬೇಕಾದವು ಇಲ್ಲಿನ ಮೂರು ಸಂಸ್ಕೃತ ಶಾಸನಗಳು. ಶಕ 765, 775 ಮತ್ತು 799ರ ಈ ಶಾಸನಗಳು ರಾಷ್ಟ್ರಕೂಟ ಅಮೋಘವರ್ಷನ ಆಳ್ವಿಕೆಯನ್ನು ಹೆಸರಿಸುತ್ತವೆ. ಅವನ ಅಧೀನದಲ್ಲಿ ಕೊಂಕಣವನ್ನು ಆಳುತ್ತಿದ್ದವರು ಶಿಲಾಹಾರರು. ಭಿಕ್ಷುಗಳ ವಸ್ತ್ರ, ವಿಹಾರದ ದುರಸ್ತಿ, ಪುಸ್ತಕಗಳು ಇವುಗಳಿಗಾಗಿ ದ್ರಮ್ಮವೆಂಬ ನಾಣ್ಯಗಳನ್ನು ದತ್ತಿಯಿಟ್ಟ ವಿವರ ಅಲ್ಲಿದೆ.

ಈ ಅಮೋಘವರ್ಷನೇ ನೃಪತುಂಗ. ಕನ್ನಡದ ಉಪಲಬ್ಧ ಗ್ರಂಥಗಳಲ್ಲಿ ಮೊದಲನೆಯದಾದ ‘ಕವಿರಾಜಮಾರ್ಗ’ ಮೂಡಿದ್ದು ಅವನ ಆಸ್ಥಾನದಲ್ಲಿ. ಅವನ ರಾಜಧಾನಿ ಮಾನ್ಯಖೇಟ, ಇಂದಿನ ಕಲಬುರಗಿ ಜಿಲ್ಲೆಯ ಮಳಖೇಡ. ಜೈನಧರ್ಮಕ್ಕೆ ಒಲಿದಿದ್ದ ಅರಸ, ಅವನ ಆಳ್ವಿಕೆಯಲ್ಲಿ ಬೌದ್ಧ ವಿಹಾರಕ್ಕೆ ದಾನ, ಶಾಸನದ ಭಾಷೆ ಸಂಸ್ಕೃತ, ಆಸ್ಥಾನದಲ್ಲಿ ಕನ್ನಡ ಕಾವ್ಯಮೀಮಾಂಸೆ! ಒಂದನ್ನು ಉಳಿಸಲು ಇನ್ನೊಂದನ್ನು ಅಳಿಸಬೇಕಿಲ್ಲವೆಂಬುದಕ್ಕೆ ಇದಕ್ಕಿಂತ ಉತ್ತಮ ನಿದರ್ಶನ ಬೇಕೆ? ಮನೆಯಲ್ಲಿ ಕನ್ನಡ, ಬೀದಿಯಲ್ಲಿ ಮರಾಠಿ ಆಡುತ್ತ ಬದುಕುವ ನಮಗೆ ಈ ಪಾಠ ಬಹು ಸಮೀಪದ್ದು. ಈ ನೆಲದ ಮೇಲೆ ಹಕ್ಕು ಹೂಡುವುದಕ್ಕಾಗಿ ಇದನ್ನು ಹೇಳುತ್ತಿಲ್ಲ. ಇಂದಿನ ಗಡಿಗೆರೆಗಳಿಗಿಂತ ಹಳೆಯದಾದ ಸಹಬಾಳ್ವೆಯೊಂದು ಇಲ್ಲಿತ್ತೆಂಬುದನ್ನು ನಮ್ಮ ಮಕ್ಕಳು ತಿಳಿದಿರಬೇಕು.

ವಿಹಾರ ಕೆರೆಯ ಕಡೆಯಿಂದ ಹರಿದುಬರುವ ಮೀಠಿ ನದಿ ಧಾರಾವಿಯ ಬಳಿ ಕಡಲನ್ನು ಸಮೀಪಿಸುವಲ್ಲಿ ಇನ್ನೊಂದು ಉದ್ಯಾನವಿದೆ. ಒಮ್ಮೆ ನಗರದ ಕಸ ಸುರಿಯುತ್ತಿದ್ದ ನೆಲದಲ್ಲಿ ಗಿಡ ನೆಟ್ಟು ಬೆಳೆಸಿದ ಮಹಾರಾಷ್ಟ್ರ ನಿಸರ್ಗ ಉದ್ಯಾನವದು; ಜನರಿಗೆ ತೆರೆದದ್ದು 1994ರಲ್ಲಿ. ಹಿಂದಿನವರು ಕಾಯ್ದದ್ದು ಕಾನ್ಹೇರಿಯ ಕಾಡು. ನಮ್ಮ ಕಾಲದವರು ಬೆಳೆಸಿದ್ದು ಇದು. ಉಳಿಸುವುದೂ ಹೊಸದಾಗಿ ಬೆಳೆಸುವುದೂ ಎರಡೂ ಸಾಧ್ಯವೆಂಬುದಕ್ಕೆ ಈ ಎರಡು ತಾಣಗಳು ಸಾಕ್ಷಿ.

ಸಂಘದ ಸದಸ್ಯರಲ್ಲಿ ನನ್ನ ಬಿನ್ನಹವಿಷ್ಟೆ. ಮುಂದಿನ ಸಲ ಮುಂಬಯಿಗೆ ಹೋದಾಗ ಮಕ್ಕಳೊಡನೆ ಒಂದು ಪೂರ್ಣ ದಿನವನ್ನು ಕಾನ್ಹೇರಿಗೆ ಮೀಸಲಿಡಿ. ಗುಹೆಗಳಿಗೆ ಸೋಮವಾರ ರಜೆ. ಬೋರಿವಲಿ ನಿಲ್ದಾಣದಿಂದ ಉದ್ಯಾನದ ಹೆಬ್ಬಾಗಿಲು ದೂರವಿಲ್ಲ. ಹೊರಡುವ ಮುನ್ನ ನೃಪತುಂಗನ ಹೆಸರನ್ನು ಮಕ್ಕಳಿಗೆ ಹೇಳಿಕೊಡಿ. ಹೆಸರು ತಿಳಿದು ನೋಡಿದ ಕಲ್ಲು ಅವರ ನೆನಪಿನಲ್ಲಿ ನಿಲ್ಲುತ್ತದೆ.